ಹಳೆಯ ಕಂಪ್ಯೂಟರಿಗೆ ಸಂಕಲನದ ಪಾಠ

ಎನ್ನೆಸ್ಸೆಸ್ ಶಿಬಿರದ ಕೊನೆಯ ದಿನ, ಊರಿನ ರಥೋತ್ಸವ, ಕಾಲೇಜಿನ ನಾಟಕ, ವಿಜ್ಞಾನ ವಸ್ತುಪ್ರದರ್ಶನ, ಇವನ್ನೆಲ್ಲ ಈಗ ವಿದ್ಯಾರ್ಥಿಗಳು ಫೋನಿನಲ್ಲೇ ಚಿತ್ರೀಕರಿಸುತ್ತಾರೆ. ತೆಗೆದದ್ದನ್ನು ತೆಗೆದ ಹಾಗೆಯೇ ತೋರಿಸಿದರೆ ನೋಡುವವರು ಐದು ನಿಮಿಷಕ್ಕೆ ಆಕಳಿಸುತ್ತಾರೆ ಎಂಬುದು ಅವರಿಗೂ ಗೊತ್ತು. ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ನಡುವೆ ನಾಲ್ಕು ಮಾತು ಸೇರಿಸಿ ಹತ್ತು ನಿಮಿಷದ ಚಿತ್ರ ಮಾಡೋಣವೆಂದು ಮನೆಯ ಕಂಪ್ಯೂಟರಿನ ಮುಂದೆ ಕುಳಿತಾಗ ತೊಂದರೆ ಶುರುವಾಗುತ್ತದೆ. ಚಿತ್ರ ನಿಂತು ನಿಂತು ಸಾಗುತ್ತದೆ, ಮಾತು ಮುಂದೆ ಓಡುತ್ತದೆ, ಮೌಸ್ ಒತ್ತಿ ಕಾಫಿ ಕುಡಿದು ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. 'ಅಪ್ಪಾ, ಇದರಲ್ಲಿ ಆಗೋದೇ ಇಲ್ಲ, ಹೊಸ ಕಂಪ್ಯೂಟರ್ ಬೇಕು' ಎಂಬುದು ಮಕ್ಕಳ ತೀರ್ಮಾನ. ಅಂಗಡಿಯಲ್ಲಿ ಬೆಲೆ ವಿಚಾರಿಸಿ ಬಂದ ಅಪ್ಪ, ಅಷ್ಟು ದುಡ್ಡಿನಲ್ಲಿ ಕಾಲೇಜಿನ ಫೀಸು ಕಟ್ಟಬಹುದಲ್ಲ ಎಂದು ಲೆಕ್ಕ ಹೇಳುತ್ತಾರೆ.

ಇಬ್ಬರ ಮಾತೂ ಸುಳ್ಳಲ್ಲ. ಆದರೆ ಈ ವಾದದಲ್ಲಿ ಕಂಪ್ಯೂಟರಿನ ಯಾವ ಭಾಗ ಸೋಲುತ್ತಿದೆ ಎಂಬುದನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಅದನ್ನು ತಿಳಿದುಕೊಂಡರೆ ಎಷ್ಟೋ ಮನೆಗಳಲ್ಲಿ ಹೊಸ ಯಂತ್ರದ ಮಾತೇ ಬರಬೇಕಾಗಿಲ್ಲ. ಒಂದೆರಡು ಬಿಡಿಭಾಗ ಬದಲಿಸಿದರೆ ಸಾಕು. ಕೆಲವೊಮ್ಮೆ ಅದೂ ಬೇಡ.

ಸಿನಿಮಾ ಓಡುತ್ತದೆ, ಸಂಕಲನ ಏಕೆ ಓಡದು?

ಇದೇ ಕಂಪ್ಯೂಟರಿನಲ್ಲಿ ಮೂರು ಗಂಟೆಯ ಸಿನಿಮಾ ಎಲ್ಲೂ ನಿಲ್ಲದೆ ಓಡುತ್ತದಲ್ಲ, ಮೂರು ನಿಮಿಷದ ತುಣುಕನ್ನು ಕತ್ತರಿಸಲು ಹೋದರೆ ಏಕೆ ಮುಗ್ಗರಿಸುತ್ತದೆ? ಇದು ನ್ಯಾಯವಾದ ಪ್ರಶ್ನೆ. ಉತ್ತರ ಇರುವುದು ಫೋನು ಚಿತ್ರವನ್ನು ಬರೆದಿಡುವ ರೀತಿಯಲ್ಲಿ.

'4ಕೆ' ಎಂದು ಕರೆಯುವ ಚಿತ್ರದ ಒಂದೊಂದು ಫ್ರೇಮಿನಲ್ಲೂ 3840ಕ್ಕೆ 2160, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಯ ಬಣ್ಣವನ್ನು ಮೂರು ಬೈಟುಗಳಲ್ಲಿ ಬರೆದರೆ ಒಂದು ಫ್ರೇಮಿಗೆ 25 ಎಂಬಿ, ಸೆಕೆಂಡಿಗೆ 30 ಫ್ರೇಮಿನಂತೆ ಒಂದು ನಿಮಿಷಕ್ಕೆ 45 ಜಿಬಿ ಬೇಕಾಗುತ್ತದೆ. ಇಷ್ಟನ್ನು ಯಾವ ಫೋನೂ ಹೊರಲಾರದು. ಆದ್ದರಿಂದ ಅದು ಚಿತ್ರವನ್ನು ಹಿಂಡಿ ಹಿಂಡಿ ನಿಮಿಷಕ್ಕೆ ಸುಮಾರು 350 ಎಂಬಿಗೆ ಇಳಿಸುತ್ತದೆ (ಫೋನಿನಿಂದ ಫೋನಿಗೆ ವ್ಯತ್ಯಾಸವುಂಟು). ನೂರು ಪಾಲಿನಲ್ಲಿ ಒಂದು ಪಾಲೂ ಉಳಿಯುವುದಿಲ್ಲ.

ಇಷ್ಟು ಹಿಂಡುವುದು ಹೇಗೆಂದು ತಿಳಿಯಲು ಅಂಗಡಿಯವರ ಲೆಕ್ಕದ ಪುಸ್ತಕವನ್ನು ನೆನೆಯಬಹುದು. ಪುಟದ ತಲೆಯಲ್ಲಿ ಒಂದು ಸಲ ಪೂರ್ತಿ ಬಾಕಿ ಬರೆದಿರುತ್ತದೆ. ಕೆಳಗೆ ಬರೀ ಬಂದದ್ದು, ಹೋದದ್ದು. ಮಧ್ಯಾಹ್ನ ಮೂರು ಗಂಟೆಗೆ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿತ್ತೆಂದು ಯಾರಾದರೂ ಕೇಳಿದರೆ ಪುಟದ ತಲೆಯಿಂದ ಕೂಡಿ ಕಳೆದು ಬರಬೇಕು. ಫೋನಿನ ವಿಡಿಯೊ ಕೂಡ ಹೀಗೆಯೇ. ಸೆಕೆಂಡಿಗೊಂದು ಸಲವೋ, ಅದಕ್ಕಿಂತ ವಿರಳವಾಗಿಯೋ ಒಂದು ಪೂರ್ತಿ ಫ್ರೇಮ್ ಇರುತ್ತದೆ. ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಕೆಲವು ಫ್ರೇಮುಗಳಂತೂ ತಮಗಿಂತ ಮುಂದೆ ಬರಲಿರುವ ಫ್ರೇಮನ್ನೂ ನೆಚ್ಚಿಕೊಂಡಿರುತ್ತವೆ.

ಸಿನಿಮಾ ನೋಡುವಾಗ ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಕೂಡುತ್ತಾ ಹೋಗುತ್ತದೆ. ಅದು ಸುಲಭ. ಸಂಕಲನ ಮಾಡುವವರು ಹಾಗಲ್ಲ. ಹಿಂದೆ ಬರುತ್ತಾರೆ, ಮುಂದೆ ಹಾರುತ್ತಾರೆ, ಒಂದು ಫ್ರೇಮ್ ಆಚೆ ಈಚೆ ಎಳೆದು ನೋಡುತ್ತಾರೆ, ಎರಡು ತುಣುಕುಗಳನ್ನು ಒಂದರ ಮೇಲೊಂದು ಇಡುತ್ತಾರೆ. ಪ್ರತಿ ಸಲವೂ ಪುಟದ ತಲೆಯಿಂದ ಹೊಸ ಲೆಕ್ಕ. ಕಂಪ್ಯೂಟರ್ ಏದುಸಿರು ಬಿಡುವುದು ಇಲ್ಲಿ.

ಹಿಂದೆ ಕಥೆ ಬೇರೆಯಿತ್ತು. 1995ರಲ್ಲಿ ಬಂದ ಡಿವಿ ಟೇಪಿನಲ್ಲಿ ಪ್ರತಿಯೊಂದು ಫ್ರೇಮೂ ತನ್ನಷ್ಟಕ್ಕೆ ಪೂರ್ಣವಾಗಿರುತ್ತಿತ್ತು. ಲೆಕ್ಕದ ಹೊರೆ ಕಡಿಮೆ, ಆದರೆ ಒಂದು ಗಂಟೆಯ ಚಿತ್ರಕ್ಕೆ 13 ಜಿಬಿ ಜಾಗ ಬೇಕು. ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಅಷ್ಟು ಜಾಗವೇ ಇರದಿದ್ದ ಕಾಲ ಅದು. ಹಾಗಾಗಿ 'ವಿಡಿಯೊ ಮಾಡಬೇಕೇ, ದೊಡ್ಡ ಡಿಸ್ಕು, ವೇಗದ ಡಿಸ್ಕು ತನ್ನಿ' ಎಂಬ ಸಲಹೆ ಆಗ ಸರಿಯಾಗಿತ್ತು. ಈಗ ಹೊರೆ ಡಿಸ್ಕಿನಿಂದ ಪ್ರಾಸೆಸರಿಗೆ ವರ್ಗಾವಣೆಯಾಗಿದೆ. ಸಲಹೆ ಮಾತ್ರ ಕೆಲವರ ಬಾಯಲ್ಲಿ ಹಳೆಯದೇ ಉಳಿದುಕೊಂಡಿದೆ.

ಮೊದಲು ನಾಡಿ ನೋಡಬೇಕು

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಂಕಲನದ ತಂತ್ರಾಂಶ ತೆರೆದು, ಒಂದು ತುಣುಕನ್ನು ಓಡಲು ಬಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ವಿಂಡೋಸಿನ 'ಟಾಸ್ಕ್ ಮ್ಯಾನೇಜರ್' ಬರುತ್ತದೆ. ಅದರ 'ಪರ್ಫಾರ್ಮೆನ್ಸ್' ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ಜಿಪಿಯು ಎಂದು ಬೇರೆ ಬೇರೆ ನಕ್ಷೆಗಳಿರುತ್ತವೆ. ಚಿತ್ರ ಮುಗ್ಗರಿಸುವ ಹೊತ್ತಿಗೆ ಯಾವ ನಕ್ಷೆ ತಲೆಯ ಗೆರೆಗೆ ತಾಗಿದೆಯೆಂದು ನೋಡಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಇಲ್ಲೊಂದು ಎಚ್ಚರಿಕೆ ಬೇಕು. 4 ಜಿಬಿ ರ್ಯಾಮ್ ಇರುವ ಹಳೆಯ ಕಂಪ್ಯೂಟರುಗಳಲ್ಲಿ ಡಿಸ್ಕಿನ ನಕ್ಷೆ ನೂರಕ್ಕೆ ನೂರು ತೋರಿಸುವುದುಂಟು. ಅದನ್ನು ಕಂಡು ಡಿಸ್ಕೇ ಕೆಟ್ಟಿದೆ ಎನ್ನುವವರಿದ್ದಾರೆ. ನಿಜವಾಗಿ ನಡೆಯುವುದೇನೆಂದರೆ, ರ್ಯಾಮಿನಲ್ಲಿ ಜಾಗ ಸಾಲದೆ ವಿಂಡೋಸ್ ಕೆಲವು ಸಾಮಾನುಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತಿರುತ್ತದೆ. ರೋಗ ಒಂದು ಕಡೆ, ನೋವು ಇನ್ನೊಂದು ಕಡೆ. ಮೆಮೊರಿಯ ನಕ್ಷೆ ಕೂಡ ತುಂಬಿದ್ದರೆ ಮೊದಲ ಮದ್ದು ರ್ಯಾಮಿಗೇ ಹೋಗಬೇಕು.

ಇನ್ನೊಂದು ರೋಗ ನಕ್ಷೆಯಲ್ಲಿ ಸುಲಭವಾಗಿ ಕಾಣುವುದಿಲ್ಲ, ಅದು ಧೂಳು. ನಾಲ್ಕೈದು ವರ್ಷ ಮುಚ್ಚಳ ತೆಗೆಯದ ಸಿಪಿಯು ಪೆಟ್ಟಿಗೆಯೊಳಗೆ ಫ್ಯಾನಿನ ಕೆಳಗೆ ಹತ್ತಿಯ ಹಾಸಿಗೆಯೇ ಸಿದ್ಧವಾಗಿರುತ್ತದೆ. ಬಿಸಿ ಹೆಚ್ಚಾದರೆ ಪ್ರಾಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮೊದಲ ಐದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಕುಂಟುವ ಕಂಪ್ಯೂಟರಿನಲ್ಲಿ ಇದನ್ನು ಅನುಮಾನಿಸಬಹುದು. ಪ್ಲಗ್ ಕಿತ್ತು, ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಪ್ರಾಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಹೋದ ವೇಗ ಬಹಳಷ್ಟು ಹಿಂದಿರುಗುತ್ತದೆ. ಈ ಪೇಸ್ಟಿನ ಟ್ಯೂಬು ದುಬಾರಿಯಲ್ಲ, ಹಚ್ಚುವ ಕೆಲಸ ಅಭ್ಯಾಸವಿಲ್ಲದಿದ್ದರೆ ರಿಪೇರಿಯವರ ಕೈಗೆ ಬಿಡುವುದು ಲೇಸು.

ಕಾಸಿಲ್ಲದೆ ಆಗುವ ಸುಧಾರಣೆ

ಕಂಪ್ಯೂಟರಿಗೆ ಮಾಡಬೇಕಾದ ಮೊದಲ ಸುಧಾರಣೆ ಇರುವುದು ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಂದರೆ ವಿಚಿತ್ರವೆನಿಸಬಹುದು. 4ಕೆ ಬದಲು 1080 ಗೆರೆಗಳ ಚಿತ್ರ ತೆಗೆದರೆ ಚುಕ್ಕಿಗಳು ಕಾಲು ಪಾಲಿಗೆ ಇಳಿಯುತ್ತವೆ. ನೋಡುವವರಲ್ಲಿ ಹೆಚ್ಚಿನವರು ಅಂಗೈಯಗಲದ ಫೋನಿನಲ್ಲೇ ನೋಡುವಾಗ ಈ ವ್ಯತ್ಯಾಸ ಅವರ ಗಮನಕ್ಕೇ ಬಾರದು. ಹಾಗೆಯೇ ಈಚಿನ ಫೋನುಗಳು ಜಾಗ ಉಳಿಸಲು 2013ರಲ್ಲಿ ಬಂದ 'ಎಚ್‌ಇವಿಸಿ' ಎಂಬ ಪದ್ಧತಿಯಲ್ಲಿ ಬರೆಯುವುದುಂಟು. ಇಂಟೆಲ್ ಪ್ರಾಸೆಸರುಗಳಿಗೆ ಅದನ್ನು ಬಿಡಿಸುವ ಪ್ರತ್ಯೇಕ ಯಂತ್ರಾಂಶ ಬಂದದ್ದು 2015ರ ಆರನೆಯ ತಲೆಮಾರಿನಿಂದ. ಅದಕ್ಕಿಂತ ಹಳೆಯ ಕಂಪ್ಯೂಟರಿಗೆ ಅದು ಕಬ್ಬಿಣದ ಕಡಲೆ. ಸೆಟ್ಟಿಂಗಿನಲ್ಲಿ ಹಿಂದಿನ 'ಎಚ್.264' ಪದ್ಧತಿಯನ್ನು ಆರಿಸಿಕೊಂಡರೆ ಹಳೆಯ ಯಂತ್ರದ ಹಲ್ಲಿಗೂ ಆಗುತ್ತದೆ.

ಈಗಾಗಲೇ 4ಕೆಯಲ್ಲಿ ತೆಗೆದಾಗಿದೆ, ಏನು ಮಾಡುವುದು ಎನ್ನುವವರಿಗೆ 'ಪ್ರಾಕ್ಸಿ' ಎಂಬ ಉಪಾಯವಿದೆ. ತಂತ್ರಾಂಶವೇ ಪ್ರತಿ ತುಣುಕಿಗೂ ಒಂದು ಚಿಕ್ಕ, ಹಗುರ ನಕಲನ್ನು ಮಾಡಿಟ್ಟುಕೊಳ್ಳುತ್ತದೆ. 960ಕ್ಕೆ 540ರ ನಕಲಾದರೆ 4ಕೆ ಚಿತ್ರದ ಹದಿನಾರರಲ್ಲಿ ಒಂದು ಪಾಲು ಚುಕ್ಕಿಗಳು ಮಾತ್ರ. ಕತ್ತರಿಸುವುದು, ಜೋಡಿಸುವುದು ಎಲ್ಲ ಈ ನಕಲಿನ ಮೇಲೆ. ಕೊನೆಗೆ ಪೂರ್ತಿ ಚಿತ್ರವನ್ನು ಹೊರತೆಗೆಯುವಾಗ ತಂತ್ರಾಂಶ ಮೂಲವನ್ನೇ ಬಳಸುತ್ತದೆ, ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ. ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಉಚಿತ ತಂತ್ರಾಂಶಗಳಲ್ಲಿ ಇದು ಇದೆ. ಡಾವಿಂಚಿ ರಿಸಾಲ್ವಿನ ಉಚಿತ ಆವೃತ್ತಿಯಲ್ಲೂ ಇದೆ. ನಕಲು ತಯಾರಾಗಲು ಸಮಯ ಹಿಡಿಯುತ್ತದೆ, ಆದರೆ ಅಷ್ಟು ಹೊತ್ತು ಕಂಪ್ಯೂಟರಿನ ಮುಂದೆ ಕಾಯಬೇಕಾಗಿಲ್ಲ. ಊಟಕ್ಕೆ ಮೊದಲು ಹಚ್ಚಿ ಹೋದರಾಯಿತು. ಸಾವಿರಾರು ರೂಪಾಯಿಯ ಹೊಸ ಪ್ರಾಸೆಸರ್ ಮಾಡುವ ಕೆಲಸದ ಬಹುಪಾಲನ್ನು ಈ ಒಂದು ಗುಂಡಿ ಮಾಡುತ್ತದೆ ಎಂದರೆ ಅತಿಶಯೋಕ್ತಿಯೇನಲ್ಲ.

ಮಾತು, ತುಟಿ ಬೇರೆಯಾಗುವ ಕಾಟಕ್ಕೂ ಎಷ್ಟೋ ಸಲ ಕಂಪ್ಯೂಟರ್ ಕಾರಣವಲ್ಲ. ಫೋನುಗಳು ಬೆಳಕು, ಬಿಸಿ ನೋಡಿಕೊಂಡು ಸೆಕೆಂಡಿಗೆ ಒಮ್ಮೆ 30, ಒಮ್ಮೆ 28 ಎಂದು ಫ್ರೇಮುಗಳನ್ನು ಏರಿಳಿಸುತ್ತವೆ. ಸಂಕಲನದ ತಂತ್ರಾಂಶ ಸಮನಾದ ಲೆಕ್ಕವನ್ನು ನಿರೀಕ್ಷಿಸುತ್ತದೆ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಹಾಕಿ 'ಕಾನ್‌ಸ್ಟಂಟ್ ಫ್ರೇಮ್ ರೇಟ್'ಗೆ ಬದಲಿಸಿಕೊಂಡರೆ ಈ ಕಾಟ ತಪ್ಪುತ್ತದೆ. ಮತ್ತೊಂದು ವಿಷಯ: ಗೆಳೆಯರಿಂದ ತುಣುಕುಗಳನ್ನು ವಾಟ್ಸಾಪಿನಲ್ಲಿ ಸಾಮಾನ್ಯ ವಿಡಿಯೊ ಆಗಿ ತರಿಸಿಕೊಂಡರೆ ಅದು ಮತ್ತೊಮ್ಮೆ ಹಿಂಡಿ ಕಳಿಸುತ್ತದೆ. ಕೇಬಲಿನಲ್ಲೇ ಇಳಿಸಿಕೊಳ್ಳುವುದು ಒಳ್ಳೆಯದು.

ದುಡ್ಡು ಎಲ್ಲಿಗೆ ಮೊದಲು?

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಕಿಸೆಗೆ ಕೈಹಾಕಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಒಂದೇ ಅಂಗಡಿಯಾಗಲಿ, ಬೆಲೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳ ಬೇಡಿಕೆಯಿಂದಾಗಿ ರ್ಯಾಮಿನ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಆದಕಾರಣ ಬೆಲೆಪಟ್ಟಿಗಿಂತ ಅನುಕ್ರಮವನ್ನು ತಿಳಿದಿರುವುದು ಮುಖ್ಯ.

ರ್ಯಾಮ್ 4 ಜಿಬಿ ಇದ್ದರೆ ಮೊದಲ ರೂಪಾಯಿ ಅದಕ್ಕೇ. 1080 ಗೆರೆಯ ಚಿತ್ರಕ್ಕೆ 8 ಜಿಬಿ ಕನಿಷ್ಠ, 16 ಇದ್ದರೆ ನೆಮ್ಮದಿ. 4ರಿಂದ 8ಕ್ಕೆ ಹೋದಾಗ ಕಾಣುವ ವ್ಯತ್ಯಾಸ 16ರಿಂದ 32ಕ್ಕೆ ಹೋದಾಗ ಮನೆಯ ಕೆಲಸದಲ್ಲಿ ಕಾಣುವುದಿಲ್ಲ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟುಗಳಿವೆ, ಎಷ್ಟು ತುಂಬಿವೆ ಎಂದು ಬರೆದಿರುತ್ತದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಪಟ್ಟಿಯ ಕಚ್ಚೇ ಬೇರೆ ಕಡೆ ಇರುತ್ತದೆ. ಲ್ಯಾಪ್‌ಟಾಪಿನದು ಗಾತ್ರದಲ್ಲೂ ಚಿಕ್ಕದು. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಹೆಚ್ಚಿಸುವ ಮಾತೇ ಇಲ್ಲ. ಒಂದು ದೊಡ್ಡ ಪಟ್ಟಿಗಿಂತ ಸಮನಾದ ಎರಡು ಪಟ್ಟಿ ಹಾಕುವುದು ಮೇಲು. ಎರಡು ದಾರಿಯಲ್ಲಿ ಒಟ್ಟಿಗೆ ಸಾಗಾಟ ನಡೆಯುತ್ತದೆ. ಹಳೆಯ ಪಟ್ಟಿಯನ್ನು ಮತ್ತೆ ಕೂರಿಸುವಾಗ ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರಿಪೇರಿಯವರ ಅಭ್ಯಾಸ ಸುಮ್ಮನೆ ಬಂದದ್ದಲ್ಲ.

ಎರಡನೆಯದು ಎಸ್‌ಎಸ್‌ಡಿ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕು ಒಂದೇ ಓಟದಲ್ಲಿ ಓದುವಾಗ ಸೆಕೆಂಡಿಗೆ 100 ಎಂಬಿಯಷ್ಟು ಕೊಡಬಲ್ಲದು. ಸಾಟಾ ಎಸ್‌ಎಸ್‌ಡಿ ಸುಮಾರು 500 ಕೊಡುತ್ತದೆ. ಆದರೆ ಮೇಲಿನ ಲೆಕ್ಕವನ್ನು ನೆನೆದರೆ, 4ಕೆ ಚಿತ್ರಕ್ಕೂ ಸೆಕೆಂಡಿಗೆ ಬೇಕಾದದ್ದು 6 ಎಂಬಿ ಮಾತ್ರ. ಅಂದಮೇಲೆ ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಮುಗ್ಗರಿಸುತ್ತಿದ್ದ ಚಿತ್ರ ಓಡುವುದಿಲ್ಲ. ಅದರ ಉಪಕಾರ ಬೇರೆ ಕಡೆ. ಹಳೆಯ ಡಿಸ್ಕಿನಲ್ಲಿ ಓದುವ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಪ್ರತಿ ಸಲವೂ ಸೆಕೆಂಡಿನ ನೂರರಲ್ಲೊಂದು ಭಾಗ ಹಿಡಿಯುತ್ತದೆ. ವಿಂಡೋಸ್ ಮತ್ತು ತಂತ್ರಾಂಶಗಳು ಸಾವಿರಾರು ಚಿಕ್ಕ ಫೈಲುಗಳನ್ನು ಹುಡುಕುವವು. ಎಸ್‌ಎಸ್‌ಡಿಯಲ್ಲಿ ಸರಿಯುವ ಮುಳ್ಳೇ ಇಲ್ಲ. ಒಟ್ಟು ಕಂಪ್ಯೂಟರೇ ಚುರುಕಾಗುತ್ತದೆ. ಆದ್ದರಿಂದ ದೊಡ್ಡದಕ್ಕೆ ಆಸೆ ಪಡದೆ 256 ಅಥವಾ 512 ಜಿಬಿಯದೊಂದನ್ನು ತಂದು ವಿಂಡೋಸ್, ತಂತ್ರಾಂಶ ಮತ್ತು ಸದ್ಯದ ಕೆಲಸವನ್ನು ಅದರಲ್ಲಿಟ್ಟು, ಉಳಿದ ವಿಡಿಯೊಗಳನ್ನು ಹಳೆಯ ಡಿಸ್ಕಿನಲ್ಲೇ ಬಿಡಬಹುದು. ಎಂ.2 ಎಂಬ ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೊಳ್ಳುವವರು ತಮ್ಮ ಬೋರ್ಡಿನ ಆ ಸ್ಲಾಟು ಸಾಟಾ ಬಗೆಯದೋ ಎನ್‌ವಿಎಂಇ ಬಗೆಯದೋ ಎಂದು ವಿಚಾರಿಸಿಕೊಳ್ಳಬೇಕು. ನೋಡಲು ಎರಡೂ ಅವಳಿಗಳು.

ಗ್ರಾಫಿಕ್ಸ್ ಕಾರ್ಡಿನ ಮಾತು ಬಂದಾಗ ಮಕ್ಕಳ ಕಣ್ಣು ಹೊಳೆಯುತ್ತದೆ. ಅದರ ಹಿಂದೆ ವಿಡಿಯೊ ಗೇಮಿನ ಆಸೆಯೂ ಇರುತ್ತದೆ ಎಂಬುದನ್ನು ಅಪ್ಪ ಅಮ್ಮಂದಿರು ಅರಿಯದವರೇನಲ್ಲ. ಸಂಕಲನಕ್ಕೆ ಅದು ಬೇಕೇ ಎಂಬುದು ತಂತ್ರಾಂಶವನ್ನು ಅವಲಂಬಿಸಿದೆ. ಡಾವಿಂಚಿ ರಿಸಾಲ್ವ್ ಬಣ್ಣ ಮತ್ತು ವಿಶೇಷ ಪರಿಣಾಮಗಳ ಕೆಲಸವನ್ನೆಲ್ಲ ಗ್ರಾಫಿಕ್ಸ್ ಕಾರ್ಡಿನ ಹೆಗಲಿಗೆ ಹಾಕುತ್ತದೆ. ಅದಕ್ಕೆ 16 ಜಿಬಿ ರ್ಯಾಮೂ, 4 ಜಿಬಿ ಸ್ವಂತ ಮೆಮೊರಿಯುಳ್ಳ ಕಾರ್ಡೂ ಇದ್ದರೆ ಚೆನ್ನ. ಶಾಟ್‌ಕಟ್, ಕೆಡೆನ್‌ಲೈವ್ ಬಳಸುವವರ ಕೆಲಸ ಬಹುಮಟ್ಟಿಗೆ ಪ್ರಾಸೆಸರಿನಲ್ಲೇ ನಡೆಯುತ್ತದೆ. ಅವರು ಕಾರ್ಡಿಗೆ ಸುರಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೊಳ್ಳುವುದೇ ಆದರೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯನ್ನು ಮರೆಯಬಾರದು. ಬೋರ್ಡಿನ ಸ್ಲಾಟು ಕಾರ್ಡಿಗೆ 75 ವಾಟ್ ತನಕ ಮಾತ್ರ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡು ತಂದರೆ ಎಸ್‌ಎಂಪಿಎಸ್ ಕೂಡ ಬದಲಾಗಬೇಕು. ಜಿಟಿಎಕ್ಸ್ 1050 ಟಿಐನಂಥ ಕಾರ್ಡುಗಳು ಆ ಮಿತಿಯೊಳಗೇ ನಡೆಯುವುದರಿಂದ ಹಳೆಯ ಮಾಲಿನ ಪೇಟೆಯಲ್ಲಿ ಹೆಸರಾಗಿವೆ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಮ್ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಹಗಲಿರುಳು ದುಡಿದು ಸವೆದ ಕಾರ್ಡುಗಳೂ ಆ ಪೇಟೆಗೆ ಬಂದವು ಎಂಬುದು ನೆನಪಿನಲ್ಲಿರಲಿ.

ಪ್ರಾಸೆಸರ್ ಬದಲಿಸುವುದಕ್ಕೂ ಒಂದು ಅಗ್ಗದ ದಾರಿಯುಂಟು. ಅದೇ ಬೋರ್ಡಿಗೆ ಒಗ್ಗುವ, ಅದೇ ತಲೆಮಾರಿನ ಬಲವಾದ ಪ್ರಾಸೆಸರನ್ನು ಹಳೆಯ ಮಾಲಿನಲ್ಲಿ ತರುವುದು. ನಾಲ್ಕನೆಯ ತಲೆಮಾರಿನ ಡೆಸ್ಕ್‌ಟಾಪ್ ಕೋರ್ ಐ3ರಲ್ಲಿ ಎರಡು ಕೋರ್, ಅದೇ ಸಾಕೆಟ್ಟಿನ ಐ7ರಲ್ಲಿ ನಾಲ್ಕು. ಇಂಟೆಲ್ ಕೊಳ್ಳುವವರು ಸಂಖ್ಯೆಯ ಕೊನೆಯಲ್ಲಿ 'ಎಫ್' ಅಕ್ಷರ ಇದೆಯೇ ಎಂದೂ ನೋಡಬೇಕು. ಅಂಥದ್ದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಜೊತೆಗೆ 2011ರಿಂದ ಇಂಟೆಲ್ ಕೊಡುತ್ತ ಬಂದಿರುವ 'ಕ್ವಿಕ್ ಸಿಂಕ್' ಎಂಬ, ವಿಡಿಯೊ ಬಿಡಿಸಿ ಕಟ್ಟುವ ಪ್ರತ್ಯೇಕ ಭಾಗವೂ ಇಲ್ಲವಾಗುತ್ತದೆ. ಒಂದೆರಡು ಸಾವಿರ ಕಡಿಮೆಯೆಂದು ಎಫ್ ಕೊಂಡವರು ಸಂಕಲನದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಬಿಟ್ಟುಕೊಟ್ಟಿರುತ್ತಾರೆ.

ಎಲ್ಲ ಹಳೆಯ ಯಂತ್ರಗಳಿಗೂ ಈ ಉಪಚಾರ ತಕ್ಕುದಲ್ಲ. ಕೋರ್ 2 ಡ್ಯುಯೊ ಕಾಲದ ಕಂಪ್ಯೂಟರಿಗೆ ದುಡ್ಡು ಹಾಕುವುದು ಬೇಡ. ಇನ್ನು ವಿಂಡೋಸಿನ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ, ಕೆಲವು ವಿನಾಯಿತಿ ಬಿಟ್ಟರೆ, ಇಂಟೆಲಿನ ಎಂಟನೆಯ ತಲೆಮಾರು ಅಥವಾ ಆಮೇಲಿನದು ಇರಬೇಕು. ಅದಕ್ಕಿಂತ ಹಳೆಯದರಲ್ಲಿ ಉಬುಂಟುವಿನಂಥ ಲಿನಕ್ಸ್ ಹಾಕಿಕೊಂಡರೆ ಶಾಟ್‌ಕಟ್, ಕೆಡೆನ್‌ಲೈವ್ ಎರಡೂ ಅಲ್ಲಿ ನಡೆಯುತ್ತವೆ. ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ರ್ಯಾಮ್, ಎಸ್‌ಎಸ್‌ಡಿ, ಪ್ರಾಸೆಸರ್ ಮೂರೂ ಬದಲಿಸಬೇಕಾದ ಸ್ಥಿತಿಯಿದ್ದರೆ ಮಾತ್ರ, ಕಚೇರಿಗಳಿಂದ ಬಿಡುಗಡೆಯಾಗಿ ದುರಸ್ತಿಯಾಗಿ ಬರುವ ಎಂಟನೆಯ ತಲೆಮಾರಿನ ಡೆಸ್ಕ್‌ಟಾಪಿನ ಬೆಲೆಯನ್ನೂ ಒಮ್ಮೆ ಕೇಳಿ ಹೋಲಿಸುವುದು ಜಾಣತನ.

ಹೀಗೆ ಉಳಿದ ದುಡ್ಡಿನಲ್ಲಿ ಒಂದು ಕಾಲರ್ ಮೈಕು ಬರುತ್ತದೆ. ಚಿತ್ರ ಸ್ವಲ್ಪ ಅಲುಗಿದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಡೆಸ್ಕ್‌ಟಾಪ್ ಇರುವವರಿಗೆ ಯುಪಿಎಸ್ ಕೂಡ ಅಗತ್ಯ. ಹಳೆಯ ಯಂತ್ರದಲ್ಲಿ ಪೂರ್ತಿ ಚಿತ್ರ ಹೊರಬರಲು ಒಂದು ರಾತ್ರಿಯೇ ಹಿಡಿಯಬಹುದು, ಬೆಳಗಿನ ಜಾವ ಎರಡು ನಿಮಿಷ ಕರೆಂಟು ಹೋದರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಬಿಡಿಭಾಗ ಬದಲಿಸುವ ದಿನ ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಹಳೆಯ ಡಿಸ್ಕಿನಲ್ಲಿರುವ ಮದುವೆ ಮುಂಜಿಯ ಫೋಟೊ, ಅಜ್ಜಿಯ ದನಿ, ಅಂಕಪಟ್ಟಿಯ ಪ್ರತಿ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳುವುದು. ವಿಂಡೋಸ್ ಹೊಸದಾಗಿ ಹಾಕುವ ಭರದಲ್ಲಿ ತಪ್ಪು ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು ಒಂದು ಕ್ಷಣದ ಕೆಲಸ. ಪೆನ್‌ಡ್ರೈವಿಗೆ ಹಾಕುವಾಗ ದೊಡ್ಡ ವಿಡಿಯೊ ಹೋಗದೆ ತಕರಾರು ಮಾಡಿದರೆ ಅದು ಫ್ಯಾಟ್32 ಬಗೆಯದಿರಬೇಕು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸದು, ಎಕ್ಸ್‌ಫ್ಯಾಟಿಗೆ ಬದಲಿಸಿಕೊಳ್ಳಬೇಕು. ಬದಲಿಸಿದರೆ ಅದರಲ್ಲಿದ್ದದ್ದು ಅಳಿಯುತ್ತದೆ. ಲ್ಯಾಪ್‌ಟಾಪಿನಿಂದ ತೆಗೆದ ಹಳೆಯ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬಾರದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದರ ಆರೋಗ್ಯ ನೋಡಿ, ಚೆನ್ನಾಗಿದ್ದರೆ ಯುಎಸ್‌ಬಿ 3.0 ಪೆಟ್ಟಿಗೆಯೊಂದರಲ್ಲಿ ಕೂರಿಸಿ, ಮುಗಿದ ಚಿತ್ರಗಳ ಎರಡನೆಯ ಪ್ರತಿಯನ್ನು ಅದರಲ್ಲಿ ತುಂಬಿ ಬೀರುವಿನಲ್ಲಿಡಬಹುದು.